ಎರಡೇ ಸೀಟಿನ ಕೆಂಪು ಕಾರು

ಅಳಿಯ ಮಂಡಿಯೂರಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಕಾರಿನ ಅಡಿಗೆ ತೂರಿಸಿ, "ಚ್ಚು" ಎಂದ.

ಅವನು ಹಲ್ಲಿನ ಡಾಕ್ಟರು. ಈ ಒಂದು "ಚ್ಚು"ಗೆ ಎಂಥೆಂಥ ಗಂಡಸರೂ ಅವನ ಕುರ್ಚಿಯಲ್ಲಿ ಬೆವತಿದ್ದುಂಟು. ಕಾರಿನ ಒಡೆಯನಾದ ಬಣ್ಣದಂಗಡಿಯವನು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತ.

ಎಂಬತ್ತೈದನೇ ಇಸವಿಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಕೊಳ್ಳಬೇಕೆಂದು ಹಟ ಹಿಡಿದವನು ಮಾವ, ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. "ಇಷ್ಟು ವರ್ಷ ಬೆನ್ನ ಹಿಂದೆ ಐವತ್ತು ಜನ ಕೂತಿರ್ತಿದ್ರು, ಅಳಿಯಂದ್ರೆ. ಇನ್ಮೇಲೆ ಹಿಂದೆ ಯಾರೂ ಇರಬಾರದು." ಇದು ಅವನು ಕೊಟ್ಟ ಕಾರಣ. ಅರವತ್ತರ ಅರಳುಮರಳು ಎಂಬುದು ಅಳಿಯ ಕಂಡುಕೊಂಡ ಕಾರಣ.

ಕಾರು ಹಾಳಾಗಿ ಹೋಗಲಿ. ಅಳಿಯನ ಕಣ್ಣಿದ್ದದ್ದು ಅದನ್ನು ನಿಲ್ಲಿಸಬೇಕಾದ ಶೆಡ್ಡಿನ ಮೇಲೆ. ಮಾವನ ಮನೆಯ ಮುಂದೆ, ರಸ್ತೆಗೆ ಮುಖಮಾಡಿ, ಅದು ಖಾಲಿ ಬಿದ್ದಿತ್ತು. ಅವನ ಕ್ಲಿನಿಕ್ಕು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಹಲ್ಲುನೋವಿನವರು ಎರಡನೇ ಮಹಡಿಯಿಂದಲೇ ಏದುಸಿರು ಬಿಡುತ್ತ ವಾಪಸಾಗುತ್ತಿದ್ದರು. ಮಾವನ ಮನೆಯ ಮೇಲ್ಗಡೆ ಬಾಡಿಗೆಯಿಲ್ಲದೆ ವಾಸವಿದ್ದು, ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದೇನೆಂದು ಹೇಳಿಕೊಳ್ಳುವ ಅಳಿಯ ಎಂಟು ವರ್ಷದಿಂದ ಆ ಶೆಡ್ಡು ಕೇಳುತ್ತಲೇ ಇದ್ದ. "ನೋಡೋಣ" ಎಂದೇ ದಿನ ತಳ್ಳಿದ ಮಾವ ಮೊನ್ನೆ ತಾನಾಗಿಯೇ ಹೇಳಿದ್ದ: "ನೀವೇ ಬಂದು ನೋಡಿ. ಕಾರು ಮನೆಗೆ ಬರದಿದ್ರೆ ಶೆಡ್ಡು ನಿಮ್ದೇ."

ಇನ್ನು ಕೇಳಬೇಕೆ! ಅಳಿಯ ಜೇಬಿನಿಂದ ಹಲ್ಲು ಕೆದಕುವ, ತುದಿ ಬಾಗಿದ ಕಡ್ಡಿ ತೆಗೆದು ಬಾಗಿಲ ಕೆಳಗಿನ ತಗಡನ್ನು ಕೆರೆದ. ತುಕ್ಕು ಉದುರಿತು.

"ಮೇಲೆ ಥಳುಕು, ಒಳಗೆ ಹುಳುಕು," ಎಂದ, ರೋಗಿಗೆ ಹೇಳುವಷ್ಟೇ ಮೆತ್ತಗೆ. "ಬಣ್ಣ ಯಾರು ಬಳಿದದ್ದು?"

"ನಾನೇ ಸಾರ್. ನನ್ನ ಕೈಯಾರೆ."

"ಕಾಣ್ತಿದೆ, ಕಾಣ್ತಿದೆ."

ಸ್ವಿಚ್ ಒತ್ತಿದರೆ ಬಾನೆಟ್ಟಿನೊಳಗಿಂದ ಎದ್ದು ಬರುವ ದೀಪಗಳು ಅದರವು. ಒಂದು ಎದ್ದಿತು, ಇನ್ನೊಂದು ಅರ್ಧಕ್ಕೇ ನಿಂತಿತು. "ಲಕ್ವ ಹೊಡೆದಿದೆ," ಎಂದ ಅಳಿಯ. ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರಿದಿತ್ತು. ಪ್ಲೇಯರು ಯಾವ ಕಾಲದ್ದೋ ಕ್ಯಾಸೆಟ್ಟನ್ನು ನುಂಗಿ ಕೂತಿತ್ತು. ಕ್ಯಾನ್ವಾಸಿನ ಛಾವಣಿಯಲ್ಲಿ ಬೆರಳು ತೂರುವಷ್ಟು ತೂತು. ಒಂದೊಂದಕ್ಕೂ ಒಂದೊಂದು "ಚ್ಚು". ಗುಜರಿಯವನೂ ಇದಕ್ಕೆ ತೂಕದ ಮೇಲೆಯೇ ಕೊಡುವುದೆಂದ. ಬಣ್ಣದಂಗಡಿಯವನ ಮುಖ ಇಷ್ಟಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಎಂದು ಅಳಿಯನಿಗೆ ಒಳಗೊಳಗೇ ನಗು.

ಬಾನೆಟ್ ಎತ್ತಿ ಎಂಜಿನ್ ನೋಡಬೇಕಾದವನು ಮಾವ. ಅವನೋ ಅತ್ತ ತಲೆಯೂ ಹಾಕದೆ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಿದ್ದ. ಮೂವತ್ತೈದು ವರ್ಷ ಸ್ಟಿಯರಿಂಗ್ ತಿರುಗಿಸಿದರೇನು ಬಂತು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಚಹಾ ಬಂತು. ಬಣ್ಣದಂಗಡಿಯವನು ಸಕ್ಕರೆ ಹಾಕದ ಲೋಟವೊಂದನ್ನು ಮಾವನ ಕೈಗಿಟ್ಟು, ಅಳಿಯನ ಕಡೆ ತಿರುಗಿ, "ನಿಮಗೆ ಸಕ್ಕರೆ ಎಷ್ಟು ಸಾರ್?" ಎಂದು ವಿನಯದಿಂದ ಕೇಳಿದ. ಬಂದವರಲ್ಲಿ ಯಾರನ್ನು ವಿಚಾರಿಸಿಕೊಳ್ಳಬೇಕೆಂದು ಇವನಿಗೆ ತಿಳಿದುಹೋಗಿದೆ ಎಂದು ಅಳಿಯ ಬೀಗಿದ.

ಆದರೂ ಎಚ್ಚರ ತಪ್ಪುವಂತಿರಲಿಲ್ಲ. ಸೋಫಾ ಕೊಳ್ಳುವಾಗ, ಫ್ರಿಜ್ ಕೊಳ್ಳುವಾಗ ಕೂಡ ಮಾವ ಅವನನ್ನು ಕರೆದೊಯ್ದಿದ್ದ. ಅಂಗಡಿಯವರ ಎದುರಿಗೇ ಅಳಿಯ ಬೇಡವೆಂದು ಗಂಟಲು ಹರಿಯುವಷ್ಟು ಹೇಳಿದ್ದ. ವಾರದೊಳಗೆ ಅದೇ ಸೋಫಾ, ಅದೇ ಫ್ರಿಜ್ ಮನೆಗೆ ಬಂದಿದ್ದವು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ! ಈ ಸಲ ಬೇರುಸಹಿತ ಕೀಳಬೇಕು.

"ಇದು ಕಾರಲ್ಲ ಮಾವ, ಹೆಣದ ಪೆಟ್ಟಿಗೆ," ಎಂದ, ಮಾಲೀಕನಿಗೆ ಕೇಳುವಂತೆ. "ಎರಡು ಸೀಟು ಯಾಕೆ? ಅತ್ತೆಯನ್ನೂ ಜೊತೆಗೆ ಕರ್ಕೊಂಡು ಹೋಗೋಕಾ? ಪುಕ್ಕಟೆ ಕೊಟ್ರೂ ಬೇಡ. ಇದನ್ನ ಮಾರೋಕೆ ಇಡೋದಕ್ಕೂ ಮುಖ ಬೇಕು."

ಬಣ್ಣದಂಗಡಿಯವನು ಒದ್ದೆ ಬಟ್ಟೆಯಿಂದ ಬಾನೆಟ್ಟನ್ನು ಒಮ್ಮೆ ಒರೆಸಿದ. ಅವನ ಕಣ್ಣು ತೇವವಾಗಿತ್ತು.

ಮಾವ ನಿಟ್ಟುಸಿರಿಟ್ಟ. "ನೀವು ಹೇಳಿದ ಮೇಲೆ ಮುಗೀತು, ಅಳಿಯಂದ್ರೆ. ನೀವಿಲ್ದೆ ನಾನು ಯಾವ ವ್ಯಾಪಾರಕ್ಕೂ ಹೋಗೋನಲ್ಲ."

ಗೇಟು ದಾಟಿದ ಮೇಲೆ ಕನ್ನಡಕ ಮರೆತೆನೆಂದು ಮುದುಕ ಮತ್ತೆ ಒಳಗೆ ಹೋದ. ಹತ್ತು ನಿಮಿಷವಾದರೂ ಬರಲಿಲ್ಲ. ಒಂದು ಕನ್ನಡಕ ಹುಡುಕಲೂ ಬಾರದವನಿಗೆ ಸ್ಪೋರ್ಟ್ಸ್ ಕಾರು ಬೇರೆ ಕೇಡು, ಎಂದು ಅಳಿಯ ಬಿಸಿಲಲ್ಲಿ ನಿಂತು ಗೊಣಗಿದ. ಶೆಡ್ಡಿನ ಯಾವ ಮೂಲೆಗೆ ಕುರ್ಚಿ, ಯಾವ ಗೋಡೆಗೆ ಬೋರ್ಡು ಎಂದು ಲೆಕ್ಕ ಹಾಕುತ್ತ ಮನೆ ಸೇರಿದ.

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುವ ಮೊದಲೇ ಹೋಗಿ ಬಡಗಿಯನ್ನು ಕರೆತಂದ. ಅಳತೆ ಟೇಪು ಬಿಚ್ಚಿಸಿ, ಶೆಡ್ಡಿನ ಬಾಗಿಲು ತಳ್ಳಿದ.

ಒಳಗೆ ಕೆಂಪು ಕಾರು ನಿಂತಿತ್ತು. ಮಾವ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಪಕ್ಕದ ಸೀಟಿನಲ್ಲಿದ್ದ ಅತ್ತೆ ಅಳಿಯನಿಗೆ ಕೈಬೀಸಿದಳು. ಕಾರು ಬಡಗಿಯನ್ನು ಬಳಸಿಕೊಂಡು ರಸ್ತೆಗಿಳಿದು ಹೋಯಿತು.

ಅಳಿಯನಿಗೆ ಮೈಯೆಲ್ಲ ಉರಿಯಿತು. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಯ ಮೇಲೆ ಹರಿಹಾಯ್ದ. "ಅಷ್ಟೊಂದು ಹುಳುಕು ತೋರಿಸಿಕೊಟ್ಟೆ! ಮತ್ತೂ ತಗೊಂಡ್ರಲ್ಲ, ನಿಮ್ಮಪ್ಪಂಗೆ ಬುದ್ಧಿ ಬೇಡ್ವಾ?"

"ಅಪ್ಪ ಎರಡು ವಾರದ ಹಿಂದೆನೇ ಎಂಜಿನ್ ನೋಡಿ, ಓಡಿಸಿ, ಒಪ್ಪಿಕೊಂಡು ಬಂದಿದ್ರು," ಎಂದಳು ಹೆಂಡತಿ. "ಆ ಮನುಷ್ಯ ಬೆಲೆ ಮಾತ್ರ ಇಳಿಸ್ಲಿಲ್ಲ."

"ಹಾಗಿದ್ರೆ ನನ್ನನ್ಯಾಕೆ ಕರ್ಕೊಂಡು ಹೋಗಿದ್ದು?"

"ಇನ್ಯಾಕೆ? ನೀವು ಹತ್ತು ನಿಮಿಷ ಬಾಯಿಬಿಟ್ರೆ ಎಂಥ ವಸ್ತುವೂ ಅರ್ಧ ಬೆಲೆಗೆ ಇಳಿಯುತ್ತೆ ಅಂತ ಅಪ್ಪ ಯಾವಾಗ್ಲೂ ಹೇಳ್ತಾರೆ. ಈ ಸಲ ಶೆಡ್ಡಿನ ಆಸೆ ತೋರಿಸಿದ್ದಕ್ಕೆ ನೀವು ಕಾರನ್ನ ಇನ್ನೂ ಚೆನ್ನಾಗಿ ಬೈದ್ರಂತೆ."