ಅಂಬರೀಶನ ದನಿಗಳು

"ಬ್ಯಾಟರಿ ತೆಗೆದರೆ ಒಳಗಿರೋದೆಲ್ಲ ಹೋಗಿಬಿಡತ್ತಾ?"

ಆ ಹೆಂಗಸು ಅದನ್ನೇ ಎರಡನೇ ಸಲ ಕೇಳಿದಳು. ಗಂಗರಾಜು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಎಲ್ಲ ಹೋಗತ್ತಮ್ಮ. ಹಳೇ ಸಿಂತಸೈಜರ್ ಕೀಬೋರ್ಡ್ ನೋಡಿ, ಇದರ ನೆನಪೆಲ್ಲ ಆ ಪುಟ್ಟ ಬ್ಯಾಟರಿ ಮೇಲೇ ನಿಂತಿರೋದು. ಅದು ಸಾಯೋಕ್ ಮುಂಚೆ ಸೌಂಡುಗಳನ್ನ ಕಂಪ್ಯೂಟರಿಗೆ ಇಳಿಸ್ಕೋಬೇಕು. ಬ್ಯಾಟರಿ ಬದಲಾಯಿಸಿ, ಆಮೇಲೆ ವಾಪಸ್ ತುಂಬ್ತೀನಿ."

"ಇಳಿಸ್ಕೊಳ್ಳದೇ ತೆಗೆದರೆ?"

"ಅಲ್ಲಿಗೆ ಮುಗೀತು."

ಅವಳು ರಿಪೇರಿ ಅಂಗಡಿಯ ಆಚೆ ಬೀದಿಯ ಕಡೆ ನೋಡಿದಳು. ಮಾರುಕಟ್ಟೆಗೆ ಹೊರಟ ಸೇವಂತಿಗೆ ಮೂಟೆಗಳ ಆಟೋ ಒಂದು ಚಿಕ್ಕಬಳ್ಳಾಪುರದ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಹಾರನ್ ಹೊಡೆಯುತ್ತಿತ್ತು. ಕೊನೆಗೆ ಅದು ಬಿಡಿಸಿಕೊಂಡು ಹೋಯಿತು.

"ಉಳಿಸಿ," ಎಂದಳು.

ಹೆಸರು ತನುಜ. ಚಿಂತಾಮಣಿಯಿಂದ ಬಸ್ಸಿನಲ್ಲಿ ಅಷ್ಟುದ್ದದ ಪೆಟ್ಟಿಗೆಯನ್ನು ಒಬ್ಬಳೇ ಹೊತ್ತು ತಂದಿದ್ದಳು. ಯಾರದು ಎಂದು ಕೇಳಿದಾಗ, "ಕೀಬೋರ್ಡ್ ಅಂಬರೀಶ್ ಅವರದು" ಎಂದಿದ್ದಳು. ಗಂಗರಾಜು ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಿದ್ದ. ಅಂಬರೀಶ್ ಆರ್ಕೆಸ್ಟ್ರಾದಲ್ಲಿ ಕೂತರೆ ಸಾಕು, ಗಂಗರಾಜು ಎಷ್ಟು ದೂರವಾದರೂ ಹೋಗಿ ಜನರ ನಡುವೆ ನಿಂತು ಕೇಳಿ ಬರುತ್ತಿದ್ದ. ಹೆಂಡತಿ ಆಂಜಿನಮ್ಮ ತೀರಿಕೊಂಡ ಮೇಲೆ ಅವನು ಎಲ್ಲಿಗೂ ಹೋಗಿರಲಿಲ್ಲ. ಯಾವ ಸುದ್ದಿಯೂ ಅವನ ಕಿವಿಗೆ ಬೀಳುತ್ತಿರಲಿಲ್ಲ.

ಅವಳ ಬರಿಗೊರಳನ್ನು ನೋಡಿದ ಮೇಲೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಹಣೆಯಲ್ಲಿ ಸಣ್ಣ ಬೊಟ್ಟಿತ್ತು. ಈಗಿನವರು ಅದನ್ನು ತೆಗೆಯುವುದಿಲ್ಲ, ಒಳ್ಳೆಯದೇ, ಎಂದುಕೊಂಡ.

"ಹೋಗಿ ಎಷ್ಟು ದಿನ ಆಯ್ತಮ್ಮ?"

"ಯುಗಾದಿಗೆ ಎರಡು ವರ್ಷ ಆಗತ್ತೆ."

"ಕಾಯಿಲೆ ಏನಾದ್ರೂ..."

"ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ, ಇಲ್ಲ."

"ಹಂಗೆ ಹೋಗೋದೂ ಒಂದು ಪುಣ್ಯ ಕಣಮ್ಮ."

ತನುಜ ಅವನನ್ನೇ ದಿಟ್ಟಿಸಿದಳು. ನಗುವುದಕ್ಕೆ ಹೊರಟಂತೆ ತುಟಿ ಅಲುಗಿ, ಸುಮ್ಮನಾಯಿತು.

ಅವನು ಕೇಬಲ್ ಜೋಡಿಸಿದ. ಸಿಂತಸೈಜರಿನ ಹಸಿರು ಪರದೆಯಲ್ಲಿ ಬ್ಯಾಟರಿ ಮುಗಿಯುತ್ತಿದೆಯೆಂಬ ಸೂಚನೆ ಮಿನುಗುತ್ತಿತ್ತು. ಒಂದೊಂದೇ ಸೌಂಡ್ ನುಡಿಸಿ ನೋಡಿ ಇಳಿಸಿಕೊಂಡ. ಮಳೆ ನಿಂತ ಮೇಲೆ ಹೆಂಚಿನಿಂದ ತೊಟ್ಟಿಕ್ಕುವ ನೀರಿನಂಥದ್ದು. ಒಡೆದ ಕೊಳಲಿನಂಥದ್ದು. ಎಲ್ಲವೂ ಅಂಬರೀಶ್ ಗುಂಡಿ ತಿರುಗಿಸಿ ತಿರುಗಿಸಿ ತಾನೇ ಕಟ್ಟಿದವು.

"ಇದ್ದಷ್ಟು ದಿನ ಇದೇ ಅವರ ಪ್ರಪಂಚ," ಎಂದಳು ತನುಜ. "ಊಟಕ್ಕೆ ಕರೆದ್ರೂ ಕೇಳಿಸ್ತಿರಲಿಲ್ಲ. ಈಗ ಮನೇಲಿ ಮಿಕ್ಸಿ ಹಾಕಿದ್ರೆ ಮಾತ್ರ ಸದ್ದು. ಒಬ್ಬಳಿಗೆ ಎಷ್ಟು ಸಲ ಮಿಕ್ಸಿ ಹಾಕೋದು?"

ಗಂಗರಾಜು ತಲೆಯಾಡಿಸಿದ. ಅವನ ಮನೆಯಲ್ಲಿ ಟೀವಿ ಹಗಲೆಲ್ಲ ತಾನೇ ಮಾತಾಡುತ್ತಿರುತ್ತಿತ್ತು.

ಪರದೆಯ ಮೇಲೆ ಹೊಸ ಹೆಸರು ಮೂಡಿತು: 'ತನು'. ಅವನು ಕೀ ಒತ್ತಿದ. ಬಾಯಿ ಮುಚ್ಚಿಕೊಂಡು ಯಾರೋ ಪಕ್ಕದ ಕೋಣೆಯಲ್ಲಿ ಗುನುಗಿದ ಹಾಗಿತ್ತು.

ತನುಜ ಎದ್ದು ಬಂದು ತಾನೇ ಆ ಕೀ ಒತ್ತಿದಳು. ಬಹಳ ಹೊತ್ತು ಒತ್ತಿಯೇ ಹಿಡಿದಳು.

"ವಾಪಸ್ ತುಂಬೋವಾಗ ಇದೊಂದು ಬೇಡ. ಇದನ್ನ ನನಗೆ ಬೇರೆ ಕೊಡಿ."

"ಕೀಬೋರ್ಡ್ ನಿಮ್ಹತ್ರಾನೇ ಇರತ್ತಲ್ಲಮ್ಮ?"

"ಇಲ್ಲ. ಅವರ ಕಡೆಯವರು ಕೇಳ್ತಿದಾರೆ. ಭಾನುವಾರ ಗೌರಿಬಿದನೂರಿನ ಭವನದಲ್ಲಿ ಅವರ ಕಾರ್ಯ ಇಟ್ಕೊಂಡಿದಾರೆ. ಅಷ್ಟರೊಳಗೆ ಇದು ಅಲ್ಲಿರಬೇಕಂತೆ."

"ಅವಸರದಲ್ಲಿ ಕೊಟ್ಟುಬಿಡಬೇಡಿ ತಾಯಿ. ನಾನು ನಮ್ಮವಳ ಸೀರೆಗಳನ್ನೆಲ್ಲ ವಾರದೊಳಗೇ ಹಂಚಿಬಿಟ್ಟೆ. ಈಗ ಮೂಸಿ ನೋಡೋಣ ಅಂದ್ರೆ ಒಂದು ಸೆರಗೂ ಇಲ್ಲ."

ಅವಳ ಕಣ್ಣು ತುಂಬಿತು. "ನಿಮ್ಮವರು ಪುಣ್ಯವಂತೆ ಬಿಡಿ," ಎಂದಳು ಮೆಲ್ಲಗೆ.

ಅವನು ಹಳೆಯ ಬ್ಯಾಟರಿ ಬಿಚ್ಚಿ ಹೊಸದನ್ನು ಬೆಸುಗೆ ಹಾಕಿದ. ಸ್ವಿಚ್ ಹಾಕಿದಾಗ ಪರದೆಯಲ್ಲಿ ಅರ್ಥವಿಲ್ಲದ ಗೀಚು. ಕೀ ಒತ್ತಿದರೆ ಬರೀ ಗೊರಗೊರ. ತನುಜ ಸೆರಗಿನ ತುದಿ ಹಿಡಿದು ನಿಂತಳು. ಕಂಪ್ಯೂಟರಿನಿಂದ ಸೌಂಡುಗಳು ಒಂದೊಂದಾಗಿ ಒಳಗೆ ಸೇರಿದವು. ಒಡೆದ ಕೊಳಲು ಮತ್ತೆ ನುಡಿಯಿತು. 'ತನು' ಇದ್ದ ಜಾಗವನ್ನು ಅವನು ಖಾಲಿ ಬಿಟ್ಟ. ಆ ಸೌಂಡನ್ನು ರೆಕಾರ್ಡ್ ಮಾಡಿ ಅವಳ ಮೊಬೈಲಿಗೆ ಹಾಕಿಕೊಟ್ಟ.

"ನೀವೇ ತಗೊಂಡ್ಹೋಗಿ ಕೊಡ್ತೀರಾ?" ಎಂದು ಕೇಳಿದ.

"ನಾನು ಹೋಗಲ್ಲ. ನಾನಲ್ಲಿ ಕಂಡ್ರೆ ಎಲ್ಲರಿಗೂ ಕಷ್ಟ."

ಗಂಡ ಹೋದದ್ದಕ್ಕೆ ಹೆಂಡತಿಯನ್ನೇ ದೂರುವ ಜನ ಇನ್ನೂ ಇದ್ದಾರಲ್ಲ ಎಂದು ಗಂಗರಾಜುವಿಗೆ ಸಂಕಟವಾಯಿತು. "ನಾನೇ ಮುಟ್ಟಿಸ್ತೀನಿ. ಅವರಿಗೆ ಒಂದು ಕೈ ಮುಗಿದಂಗೂ ಆಗತ್ತೆ."

ತನುಜ ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಬಸ್ ಸ್ಟ್ಯಾಂಡ್ ಕಡೆ ಬರಿಗೈಯಲ್ಲಿ ನಡೆದು ಹೋದಳು.

ಭಾನುವಾರ ಬೆಳಿಗ್ಗೆ ಗಂಗರಾಜು ಗೌರಿಬಿದನೂರಿಗೆ ಹೋದ. ಭವನದ ಮುಂಬಾಗಿಲಲ್ಲಿ ಜನ ಹೆಚ್ಚಿದ್ದರಿಂದ ಪಕ್ಕದ ಬಾಗಿಲಿಗೆ ಆಟೋ ನಿಲ್ಲಿಸಿ ಪೆಟ್ಟಿಗೆ ಇಳಿಸಿಕೊಂಡ. ಒಳಗೆ ಮನೆಯವರೆಲ್ಲ ಬಿಳಿ ಬಟ್ಟೆಯಲ್ಲಿದ್ದರು. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿಗಳು ಉರಿಯುತ್ತಿದ್ದವು. ಅವನು ಚಪ್ಪಲಿ ಬಿಟ್ಟು ತಲೆ ತಗ್ಗಿಸಿದ.

ವಯಸ್ಸಾದ ಹೆಂಗಸೊಬ್ಬರು ಬಂದರು. "ನಾನು ಅಂಬರೀಶನ ತಾಯಿ, ಲಕ್ಷ್ಮಿದೇವಮ್ಮ. ಇದನ್ನ ತನುಜ ಕಳಿಸಿದ್ಳಾ? ಅವಳು ಬಂದಿಲ್ಲ ತಾನೇ?"

"ಬಂದಿಲ್ಲಮ್ಮ," ಎಂದ ಗಂಗರಾಜು, ಸಿಟ್ಟು ನುಂಗಿಕೊಂಡು. ಮುದುಕಿಯ ಒದ್ದೆ ಕಣ್ಣು ನೋಡಿ ಮನಸ್ಸು ಕರಗಿತು. "ಧೈರ್ಯ ತಂದ್ಕೊಳ್ಳಿ."

"ಅತ್ತಿದ್ದು ಸಾಕಪ್ಪ. ಇವತ್ತಿಂದ ಅವನಿಗೆ ಶಾಂತಿ ಸಿಕ್ಕಿದ್ರೆ ಅಷ್ಟೇ ಸಾಕು."

ಅವನು ಅಂಬರೀಶನ ಫೋಟೋ ಎಲ್ಲಿಟ್ಟಿದ್ದಾರೆಂದು ಕಣ್ಣಾಡಿಸಿದ, ಕೈ ಮುಗಿಯಲು.

ವೇದಿಕೆಯ ಮೇಲೆ, ಬೌದ್ಧ ಪದ್ಧತಿಯಂತೆ ಬಿಳಿ ಸೀರೆಯುಟ್ಟ ಮದುಮಗಳ ಪಕ್ಕದಿಂದ ಅಂಬರೀಶ್ ಕೊರಳ ಹಾರ ಸರಿಪಡಿಸಿಕೊಳ್ಳುತ್ತ ಎದ್ದು ನಿಂತು ಕೂಗಿದ: "ಬಂತಾ ನನ್ನ ಕೀಬೋರ್ಡು? ತನ್ನಿ ಅಣ್ಣ, ಇಲ್ಲಿಗೇ ತನ್ನಿ!"