ಐದು ಕೈ ಜೊಂಡು

ಮಗ್ಗದ ಮೇಲಿನ ಚಾಪೆಯನ್ನು ಅಂಗೈಯಿಂದ ಸವರುತ್ತ ಬಂದ ಅತ್ತೆ ಒಂದೆಡೆ ತಡೆದಳು. ಅವಳ ಕಣ್ಣಿಗೆ ಮಂಜು ಕವಿದು ವರ್ಷಗಳಾಗಿದ್ದವು, ಆದರೆ ಅಂಗೈಗೆ ಯಾವ ಮಂಜೂ ಇರಲಿಲ್ಲ. ಬಣ್ಣ ಕುಡಿದ ಜೊಂಡು ಒರಟಾಗಿರುತ್ತದೆ. ಒಂದು ಕೆಂಪು ಜೊಂಡಿನಿಂದ ಮುಂದಿನ ಕೆಂಪು ಜೊಂಡಿನವರೆಗೆ ಬೆರಳು ಓಡಿಸಿ, "ಇಲ್ಲಿಂದ ಪಟ್ಟೆ ಕುಗ್ಗಿದೆ" ಎಂದಳು. "ಇದು ಮೂರನೇ ಚಾಪೆ. ಅರ್ಧ ಎಮ್ಮೆಗೆ, ಅರ್ಧ ಬೆಕ್ಕಿಗೆ ಹೆಣೆದ ಹಾಗಿದೆ."

ಸೊಸೆಯ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಕೂತಿತ್ತು. ಬೆಳಗಿನ ಹೊತ್ತು ಅತ್ತೆ, ಅವಳು ಸುಸ್ತಾಗಿ ಎದ್ದ ಮೇಲೆ ಸೊಸೆ, ಹೀಗೆ ಒಂದೇ ಮಗ್ಗದಲ್ಲಿ ಇಬ್ಬರ ಕೆಲಸ. ಐದು ಕೈ ಬಿಳಿ ಜೊಂಡು, ಆಮೇಲೆ ಒಂದು ಕೆಂಪು ಎಂದು ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿಕೊಟ್ಟಿದ್ದಳು. ಸೊಸೆ ಹಾಗೆಯೇ ಹಾಕುತ್ತಿದ್ದಳು. ಬೆರಳು ಐದಕ್ಕೆ ಒಂದು ಕೈ, ಅಂಥ ಐದು ಕೈ, ಇಪ್ಪತ್ತೈದು ಜೊಂಡು. ಆದರೂ ಪ್ರತಿ ಸಲ ತಪ್ಪು ಅವಳದೇ. ಒಂದು ದಿನ ರೋಸಿಹೋಗಿ ಅತ್ತೆಯ ಪಟ್ಟೆಯನ್ನೇ ಎಣಿಸಿ ನೋಡಿದಳು. ಅರವತ್ತು ಜೊಂಡು. "ನಿಮ್ಮಮ್ಮ ಬಾಯಲ್ಲಿ ಹೇಳೋದು ಐದು ಕೈ, ಮಗ್ಗದಲ್ಲಿ ಹಾಕೋದು ಹನ್ನೆರಡು" ಎಂದು ಗಂಡನ ಕಿವಿಗೆ ಹಾಕಿದ್ದು ಗೋಡೆ ದಾಟಿತು. ತನ್ನನ್ನು ಸುಳ್ಳಿ ಎಂದವಳ ಜೊತೆ ಇನ್ನು ಒಂದು ಮಗ್ಗದಲ್ಲಿ ಕೂರುವುದಿಲ್ಲ ಎಂದು ಅತ್ತೆ ಹಟ ಹಿಡಿದಳು. ನಡುವೆ ಸಿಕ್ಕ ಗಂಡ ಎರಡು ದಿನ ಉಗುರು ಕಚ್ಚಿ, ಕೊನೆಗೆ ಹೊಳೆಯಾಚೆಯ ಅವಳ ಅಣ್ಣನಿಗೆ ಹೇಳಿಕಳಿಸಿದ. ಅಣ್ಣ ಇವತ್ತು ಸಂಜೆಯ ದೋಣಿಗೆ ಬರುವವನಿದ್ದ. ಹೋದರೆ ಮತ್ತೆ ಕರೆಯಲು ಯಾರೂ ಬರುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು.

ಮಧ್ಯಾಹ್ನ ಅತ್ತೆ ಕಿಟಕಿಯ ಕೆಳಗೆ ಅಡ್ಡಾದಳು. ನೆನೆಹಾಕಿದ ಜೊಂಡಿನ ವಾಸನೆ ಮನೆಯಲ್ಲೆಲ್ಲ ಹೊಳೆಯ ಹಾಗೆ ನಿಂತಿತ್ತು. ತೂಕಡಿಕೆಯಲ್ಲಿದ್ದ ಸೊಸೆ ಏನೋ ಚಲಿಸಿದಂತಾಗಿ ಕಣ್ಣು ಬಿಟ್ಟಳು. ಎದೆಯ ಮೇಲಿದ್ದ ಅತ್ತೆಯ ಬಲಗೈ ನಿದ್ದೆಯಲ್ಲೇ ನಡೆಯುತ್ತಿತ್ತು. ಹೆಬ್ಬೆರಳು ಕಿರುಬೆರಳಿನ ಬುಡದ ಗೆಣ್ಣನ್ನು ಮುಟ್ಟಿತು, ನಡುವಿನದನ್ನು ಮುಟ್ಟಿತು, ತುದಿಯದನ್ನು ಮುಟ್ಟಿ ಪಕ್ಕದ ಬೆರಳಿಗೆ ಇಳಿಯಿತು. ನಾಲ್ಕು ಬೆರಳಿನ ಹನ್ನೆರಡು ಗೆಣ್ಣೂ ಮುಗಿದ ಮೇಲೆ ಎಡಗೈಯ ಕಿರುಬೆರಳು ತಾನಾಗಿ ಮಡಿಸಿಕೊಂಡಿತು. "ಒಂದು ಕೈ" ಎಂದವು ತುಟಿಗಳು.

ಸೊಸೆ ಉಸಿರು ಹಿಡಿದು, ಆ ಹೆಬ್ಬೆರಳಿಗೆ ಸರಿಯಾಗಿ ತನ್ನ ಬೆರಳುಗಳನ್ನು ಮಡಿಸುತ್ತ ಹೋದಳು. ಗಿಡ್ಡ ಹೆಜ್ಜೆಯವಳೊಬ್ಬಳು, ಉದ್ದ ಹೆಜ್ಜೆಯವಳೊಬ್ಬಳು ಒಂದೇ ದಾರಿಯಲ್ಲಿ ನಡೆದ ಹಾಗೆ. ಅತ್ತೆಯ ಕೈ ತುಂಬಿದಾಗ ಇವಳ ಕೈ ಅರೆಬರೆ, ಇವಳದು ತುಂಬಿದಾಗ ಅತ್ತೆಯದು ನಡುದಾರಿಯಲ್ಲಿ. ಅತ್ತೆಯ ಎಡಗೈಯ ಐದೂ ಬೆರಳು ಮಡಿಸಿ ಮುಷ್ಟಿಯಾದಾಗ ಮಾತ್ರ, ಅರವತ್ತಕ್ಕೆ, ಇಬ್ಬರ ಲೆಕ್ಕವೂ ಒಟ್ಟಿಗೆ ಮುಗಿಯಿತು. "ಕೆಂಪು" ಎಂದಳು ಅತ್ತೆ ನಿದ್ದೆಯಲ್ಲಿ. ಎದುರು ಗೋಡೆಯಲ್ಲಿ ಗಡಿಯಾರ ಟಿಕ್ ಎನ್ನುತ್ತಿತ್ತು. ದಿನವೂ ನೋಡುತ್ತಿದ್ದ ಅದನ್ನು ಸೊಸೆ ಅಂದು ಮೊದಲ ಸಲ ನೋಡಿದಳು. ಸುತ್ತಲೂ ಹನ್ನೆರಡು ಅಂಕಿ, ಅಂಕಿಯಿಂದ ಅಂಕಿಗೆ ಐದು ಪುಟ್ಟ ಮನೆ. ಯಾವ ಕಾಲದಲ್ಲೋ, ಯಾವ ಹೊಳೆಯ ಆಚೆ ಈಚೆಯವರೋ ಹೀಗೇ ಮುನಿಸಿಕೊಂಡು, ಬೇರೆ ಬೇರೆ ಬೆರಳಿನಿಂದ ಎಣಿಸುತ್ತ ಬಂದು, ಇದೇ ಜಾಗದಲ್ಲಿ ರಾಜಿಯಾಗಿದ್ದರೇನೋ ಅನ್ನಿಸಿತು ಅವಳಿಗೆ.

ಮೆಲ್ಲಗೆ ಅತ್ತೆಯ ಹೆಬ್ಬೆರಳು ಹಿಡಿದಳು. ಅತ್ತೆ ಎಚ್ಚೆತ್ತಳು.

"ನಿದ್ದೇಲೂ ನನ್ನ ಲೆಕ್ಕ ಹಿಡಿಯೋಕೆ ಬಂದ್ಯಾ?"

"ಅತ್ತೆ, ನಿಮಗೆ ಒಂದು ಕೈ ಅಂದ್ರೆ ಎಷ್ಟು?"

"ಕೈ ಅಂದ್ರೆ ಕೈ." ಆದರೂ ಸೊಸೆಯ ಅಂಗೈ ಎಳೆದುಕೊಂಡು ಗೆಣ್ಣುಗಳ ಮೇಲೆ ಹೆಬ್ಬೆರಳು ಊರಿ ತೋರಿಸಿದಳು. ಸೊಸೆ ತನ್ನ ಲೆಕ್ಕವನ್ನು ಅವಳ ಬೆರಳುಗಳನ್ನೇ ಮಡಿಸಿ ತೋರಿಸಿದಳು. ಅತ್ತೆ ತನ್ನ ಮುಷ್ಟಿಯನ್ನು ಬಹಳ ಹೊತ್ತು ಸವರಿದಳು. "ಹೆಬ್ಬೆರಳನ್ನೂ ಸೇರಿಸಿದ್ಯಲ್ಲೇ. ಎಣಿಸೋನು ತನ್ನನ್ನೇ ಎಣಿಸ್ಕೋತಾನಾ?"

"ನಮ್ಮ ಕಡೆ ಎಣಿಸೋನಿಗೂ ಒಂದು ಪಾಲಿದೆ ಅತ್ತೆ."

ಅತ್ತೆಗೆ ನಗು ಬಂತು, ತಡೆದುಕೊಂಡಳು. "ಅಂದ್ರೆ ನಾನು ಸುಳ್ಳಿ ಅಲ್ಲ."

"ಅಲ್ಲ."

"ನೀನೂ ದಡ್ಡಿ ಅಲ್ಲ ಬಿಡು" ಎಂದಳು ಅತ್ತೆ. ಆಮೇಲೆ ಗೋಡೆ ಹಿಡಿದು ಎದ್ದು, "ಬೆಕ್ಕಿನ ಪಾಲು ಬಿಚ್ಚು" ಎಂದಳು.

ಸಂಜೆ ಅಣ್ಣ ಬಂದು ಬಾಗಿಲಲ್ಲಿ ನಿಂತಾಗ ಇಬ್ಬರೂ ಮಗ್ಗದ ಎರಡು ತುದಿಯಲ್ಲಿದ್ದರು. ಒಬ್ಬಳು ಗೆಣ್ಣು ಮುಟ್ಟುತ್ತ, ಒಬ್ಬಳು ಬೆರಳು ಮಡಿಸುತ್ತ. ಹೊರಡೋಣವೇ, ದೋಣಿಯವನು ಕಾಯುತ್ತಿದ್ದಾನೆ ಎಂದ ಅಣ್ಣ. ಅತ್ತೆ ತಲೆ ಎತ್ತದೆ, ಐದು ಕೈ ಮುಗಿಯಲಿ ಎಂದಳು. ಅಣ್ಣ ತನ್ನ ಅಂಗೈಯನ್ನು ಬಿಡಿಸಿ ನೋಡಿಕೊಂಡ. ಅಷ್ಟೇ ತಾನೆ ಎಂದುಕೊಂಡು, ಚಪ್ಪಲಿಯನ್ನೂ ಬಿಡದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಚಪ್ಪಲಿ ಬಿಟ್ಟು ಒಳಗೆ ಬಾರಣ್ಣ" ಎಂದಳು ತಂಗಿ, ಜೊಂಡು ಬಿಗಿಯುವ ಹಣಿಗೆಯನ್ನು ಒತ್ತುತ್ತ. "ಇದು ಅತ್ತೆ ಕೈ."