ಒಂದೇ ಕರಿ ಗುಂಡು

"ರಜಕ್ಕೆ ಮುಂಚೆ ತುಂಬಿತ್ತು, ಈಗ ಅರ್ಧ ಆಗಿದೆ. ಎಲ್ಲಿಗೆ ಹೋಯ್ತು? ಬಾಯಿ ಬಿಡು!" ರಸಾಯನಶಾಸ್ತ್ರದ ಮೇಡಂ ಬಾಟಲಿಯನ್ನು ಲ್ಯಾಬ್ ಅಟೆಂಡರನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಮೇಜಿನ ಸುತ್ತ ಹತ್ತನೇ ತರಗತಿಯ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಬೀಗದ ಕೈ ಇರೋದು ನಿನ್ನ ಹತ್ರ. ಆಲ್ಕೋಹಾಲ್ ಅಂದ್ರೆ ನಿನಗೆ ಹಬ್ಬ ಅಲ್ವಾ? ಕುಡುಕ!"

ಇಪ್ಪತ್ತೆರಡು ವರ್ಷ ಅದೇ ಲ್ಯಾಬಿನ ಗಾಜು ತೊಳೆದವನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅವನು ದನಿ ಏರಿಸಲಿಲ್ಲ. ಅಂದಿನ ಪಾಠಕ್ಕೆಂದು ತಾನೇ ಕಡ್ಡಿ, ಗುಂಡು ಜೋಡಿಸಿಟ್ಟಿದ್ದ ಅಣುಗಳ ಮಾದರಿಗಳಲ್ಲಿ ಒಂದನ್ನು ಎತ್ತಿ ತೋರಿಸಿದ.

"ಕುಡಿಯೋರು ಕುಡಿಯೋದು ಇದನ್ನ, ಮೇಡಂ. ಎರಡು ಕರಿ ಗುಂಡು, ಎರಡು ಕಾರ್ಬನ್, ಎಥನಾಲ್." ಅದನ್ನಿಟ್ಟು ಪಕ್ಕದ್ದನ್ನು ಎತ್ತಿದ. "ಇದರಲ್ಲಿ ಒಂದೇ ಕರಿ ಗುಂಡು. ಮೆಥನಾಲ್. ಮೊದಲು ಕಣ್ಣು ಹೋಗುತ್ತೆ, ಆಮೇಲೆ ಜೀವ. ನೀವು ವರ್ಷಾ ವರ್ಷಾ ಹೇಳೋದನ್ನ ನಾನೂ ಕೇಳಿಸ್ಕೊಂಡಿದ್ದೀನಿ. ಈಗ ಕೈಯಲ್ಲಿರೋ ಬಾಟ್ಲಿ ಮೇಲೆ ಏನಿದೆ, ಓದಿ."

ಮೇಡಂ ಬಾಟಲಿ ತಿರುಗಿಸಿದರು. ಅವನದೇ ದುಂಡನೆಯ ಕೈಬರಹದಲ್ಲಿ CH₃OH ಎಂದಿತ್ತು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು, ಪರೀಕ್ಷೆಯಲ್ಲಿ ಉತ್ತರ ಹೇಳುವವಳಂತೆ, "ಮೆಥನಾಲ್" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು.

"ರಜದ ಹಿಂದಿನ ದಿನ ಮುಚ್ಚಳ ಬಿಗಿ ಮಾಡದೆ ಮನೆಗೆ ಓಡಿದ್ದು ಯಾರು ಅಂತ ನೆನಪು ಮಾಡ್ಕೊಳ್ಳಿ, ಅದು ಆವಿಯಾಗಿದೆ," ಎಂದು ಅವನು ಮಾದರಿಯನ್ನು ಮೇಡಂ ಮುಂದೆ ಕುಕ್ಕಿದ. "ನಾನೇ ಕುಡಿದಿದ್ದಿದ್ರೆ ಇವತ್ತು ನಿಮ್ಮ ಮುಖ ನೋಡೋ ಕರ್ಮ ತಪ್ತಿತ್ತು."